ಅಲಗಿನ ಮೇಲಿನ ತೋಳ

ಯುರೋಪಿನ ಪ್ರಾಚೀನ ಖಡ್ಗವೊಂದು ಕೈಗೆ ಬಂದಾಗ ನೋಡುವವನ ದೃಷ್ಟಿ ಮೊದಲು ಹರಿಯುವುದು ಅದರ ಮೇಲಿನ ಬರಹದ ಕಡೆಗೆ. ಅಕ್ಷರ ಕಂಡೊಡನೆ ಕಾಲವೂ ಕರ್ತೃವೂ ತಿಳಿದಂತಾಯಿತೆಂದು ಮನಸ್ಸು ಸಮಾಧಾನಗೊಳ್ಳುತ್ತದೆ. ಆದರೆ ಖಡ್ಗಪರೀಕ್ಷೆಯಲ್ಲಿ ಇಷ್ಟು ಸರಾಗವಾಗಿ ಸುಳ್ಳು ನುಡಿಯುವ ಸಾಕ್ಷಿ ಬೇರೊಂದಿಲ್ಲ.

ಸ್ಕಾಟ್ಲೆಂಡಿನ ಬೆಟ್ಟಸೀಮೆಯವರು 17 ಮತ್ತು 18ನೆಯ ಶತಮಾನಗಳಲ್ಲಿ ಧರಿಸುತ್ತಿದ್ದ, ಮುಷ್ಟಿಯನ್ನು ಬುಟ್ಟಿಯಂತೆ ಆವರಿಸುವ ಹಿಡಿಯುಳ್ಳ ಖಡ್ಗಗಳನ್ನೇ ನೋಡೋಣ. ಅವುಗಳಲ್ಲಿ ಬಹುಸಂಖ್ಯೆಯವು ‘ಆಂಡ್ರಿಯಾ ಫೆರಾರಾ’ ಎಂಬ ನಾಮಾಂಕಿತವನ್ನು ಹೊತ್ತಿವೆ. ಇಟಲಿಯ ಬೆಲ್ಲೂನೋದಲ್ಲಿ 16ನೆಯ ಶತಮಾನದಲ್ಲಿ ಅಂಥ ಹೆಸರಿನ ಖಡ್ಗಕಾರನೊಬ್ಬನಿದ್ದುದು ನಿಜವಾದರೂ, ಆತನು ತನ್ನ ಹೆಸರನ್ನೇ ಬಗೆಬಗೆಯಾಗಿ ತಪ್ಪು ಕೆತ್ತಿಕೊಳ್ಳುತ್ತ ಎರಡು ಶತಮಾನ ದುಡಿದನೆಂದು ನಂಬುವುದು ಹೇಗೆ? ಆ ಅಲಗುಗಳು ಬಹುಪಾಲು ಜರ್ಮನಿಯ ಸೋಲಿಂಗನ್ ಪಟ್ಟಣದ ಕುಲುಮೆಗಳವು. ಹೆಸರು ಗಿರಾಕಿಯ ವಿಶ್ವಾಸಕ್ಕಾಗಿ ಹಾಕಿದ್ದು. ಜೊತೆಗೆ ಉಳಿಯ ನಾಲ್ಕಾರು ಗೀರುಗಳಲ್ಲಿ ಮೂಡಿ, ಕೆಲವೊಮ್ಮೆ ಹಿತ್ತಾಳೆ ತುಂಬಿಸಿಕೊಂಡ ಮೃಗವೊಂದಿದ್ದರೆ (ನನ್ನ ಕಣ್ಣಿಗಂತೂ ಅದು ಮಗು ಬರೆದ ಆಡಿನಂತೆಯೇ ತೋರುತ್ತದೆ) ಅದು ಪಾಸೌ ನಗರದ ‘ಓಡುವ ತೋಳ’. ಅದನ್ನೂ ಸೋಲಿಂಗನ್ನಿನವರು ತಮ್ಮದಾಗಿಸಿಕೊಂಡರು. ಪಕ್ಕದಲ್ಲಿ 1414 ಎಂಬ ಅಂಕಿ ಕಂಡರೆ ಇಸವಿಯೆಂದು ಹಿಗ್ಗಬೇಕಾಗಿಲ್ಲ. 17ನೆಯ ಶತಮಾನದ ಅಲಗುಗಳ ಮೇಲೂ ಅದೇ ಅಂಕಿ ಇದೆ, ಅದನ್ನು ಮಾಂತ್ರಿಕ ಸಂಖ್ಯೆಯೆಂದು ಭಾವಿಸುವುದುಂಟು.

ಆದುದರಿಂದ ಬಲ್ಲವನು ಅಕ್ಷರವನ್ನು ಬದಿಗಿರಿಸಿ ಅಲಗಿನ ಅಂಗಸೌಷ್ಠವವನ್ನು ಪರೀಕ್ಷಿಸುತ್ತಾನೆ. ಬೆಳಕಿಗೆ ಓರೆಯಾಗಿ ಹಿಡಿದಾಗ ನಡುವೆ ಉದ್ದಕ್ಕೂ ಒಂದು ಅಗಲವಾದ ತೋಡು ತುದಿಯ ಸಮೀಪದವರೆಗೂ ಇಳಿದು, ಕೊನೆ ದುಂಡಾಗಿದ್ದರೆ, ಅದು ಕೊಚ್ಚುವುದಕ್ಕೆಂದೇ ಹುಟ್ಟಿದ, 10ನೆಯ ಶತಮಾನದ ಆಸುಪಾಸಿನ ಜಾತಿಗೆ ಸೇರಿರಬಹುದು. (ತೋಡಿರುವುದು ರಕ್ತ ಹರಿಯಲೆಂಬುದು ಬರಿಯ ಕಟ್ಟುಕತೆ, ಬಿಗುವನ್ನು ಕೆಡಿಸದೆ ತೂಕವನ್ನು ಇಳಿಸುವುದೇ ಅದರ ಕೆಲಸ.) 14ನೆಯ ಶತಮಾನದಲ್ಲಿ ಯೋಧನ ಮೈಯನ್ನು ಉಕ್ಕಿನ ತಗಡು ಹೊದಿಸತೊಡಗಿದ ಮೇಲೆ ಕೊಚ್ಚಿ ಫಲವಿಲ್ಲದಾಗಿ, ಕವಚದ ಸಂದುಗಳಲ್ಲಿ ತಿವಿಯಬಲ್ಲ, ನಡುವೆ ಏಣು ನಿಂತ, ಮೊನಚಾಗುತ್ತ ಸಾಗುವ ಅಲಗು ಬಂದಿತು. ಇಂಥ ಮಧ್ಯಯುಗದ ಖಡ್ಗಗಳನ್ನು ವರ್ಗೀಕರಿಸಿದವನು ಇಂಗ್ಲೆಂಡಿನ ಎವರ್ಟ್ ಓಕ್‌ಶಾಟ್. ಅವನಂಥವರಿಗೆ ನೆರವಾದುದು ಅಲೆಕ್ಸಾಂಡ್ರಿಯದ ಆಯುಧಾಗಾರದಲ್ಲಿ ಸೇರಿದ್ದ ಯುರೋಪಿನ ಕತ್ತಿಗಳು: ಅವುಗಳ ಮೇಲೆ ಅರಬ್ಬಿಯಲ್ಲಿ ಕೆತ್ತಿದ ಉಗ್ರಾಣದ ಲೇಖವು ತಯಾರಕನದಲ್ಲವಾದ್ದರಿಂದಲೇ ನಂಬಿಕೆಗೆ ಅರ್ಹ, ಅದರಲ್ಲಿನ ವರ್ಷಕ್ಕಿಂತ ಈಚಿನದು ಆ ಅಲಗಾಗಲಾರದು.

ಹಿಡಿಯ ವಯಸ್ಸನ್ನು ಅಲಗಿಗೆ ಹೇಳಕೂಡದು. ಹಿಡಿ ಅಭಿರುಚಿಯೊಡನೆ ಬದಲಾಗುವ ಉಡುಪು; ಒಳ್ಳೆಯ ಅಲಗು ಅಜ್ಜನಿಂದ ಮೊಮ್ಮಗನಿಗೆ ಬರುವ ಸೊತ್ತು. ದಖನ್ನಿನ ಮತ್ತು ಮರಾಠರ ಯೋಧರು ಯುರೋಪಿನಿಂದ ಬಂದ ಅಲಗುಗಳಿಗೆ ಇಲ್ಲಿಯ ಹಿಡಿಯನ್ನು ತೊಡಿಸಿ, ಪರಂಗಿಯವರ ಹೆಸರಿನಿಂದ ಅದನ್ನು ‘ಫಿರಂಗಿ’ ಎಂದೇ ಕರೆದರು. ಕನ್ನಡದಲ್ಲಿ ಆ ಮಾತು ತೋಪಿಗೆ ಅಂಟಿಕೊಂಡಿದೆ. ಜಿನೋವಾದ ಅಲಗುಗಳೊಡನೆ ಪ್ರಸಿದ್ಧವಾದ, ಹಲ್ಲುಳ್ಳ ಕುಡುಗೋಲಿನಂಥ ಜೋಡಿ ಮುದ್ರೆಯನ್ನು ನಮ್ಮ ದೇಶದ ಕಮ್ಮಾರರೂ ತಮ್ಮ ಅಲಗುಗಳಿಗೆ ಒತ್ತಿಬಿಟ್ಟಿದ್ದಾರೆ.