ಘಟಪ್ರಭೆಯ ಮೀನುಗಳ ಗುರುತೂ ವಾಸಸೀಮೆಯೂ

ಹೊಲದಲ್ಲಿ ನಿಂತ ಜೋಳವು ಯಾವ ತಳಿಯದೆಂಬುದನ್ನು ತೆನೆಯ ಮೇಲಿಂದಲೇ ಹೇಳಲಾರದ ಒಕ್ಕಲಿಗನು ಗೋಕಾಕ ಸೀಮೆಯಲ್ಲಿ ವಿರಳ. ಎತ್ತಿನ ಕೊಂಬು, ಸುಳಿ, ಗೊರಸುಗಳನ್ನು ನೋಡಿ ಅದು ಖಿಲಾರಿಯೋ ಕೃಷ್ಣಾತೀರದ್ದೋ ಎಂದು ನಿಶ್ಚಯವಾಗಿ ನುಡಿಯುವವರು ಪ್ರತಿಯೊಂದು ಊರಲ್ಲಿಯೂ ಉಂಟು. ಆದರೆ ಹೊಲದ ಬದುವಿಗೆ ಹತ್ತಿಯೇ ಹರಿಯುವ ಹೊಳೆಯ ಮೀನುಗಳ ಮಾತು ಬಂದಲ್ಲಿ, ಅಂಬಿಗರನ್ನು ಬಿಟ್ಟು ಉಳಿದವರು ‘ಮೀನು’ ಎಂಬ ಒಂದೇ ಶಬ್ದದಿಂದ ಕೆಲಸವನ್ನು ಮುಗಿಸಿಬಿಡುವರು. ಈ ಅಲಕ್ಷ್ಯದಿಂದಾಗುವ ಹಾನಿಯು ಮೇಲ್ನೋಟಕ್ಕೆ ಕಾಣತಕ್ಕದ್ದಲ್ಲ. ಮೀನು ಯಾವುದು, ಅದರ ವಾಸವು ಹೊಳೆಯ ಯಾವ ಭಾಗದಿಂದ ಯಾವ ಭಾಗದವರೆಗೆ ಎಂಬುದನ್ನು ತಿಳಿಯದೆ ಕೈಕೊಂಡ ಸುಧಾರಣೆಯು ಕಾವೇರಿಯಲ್ಲಿ ಎಂಥ ಫಲವನ್ನು ಕೊಟ್ಟಿತೆಂಬುದನ್ನು ಮುಂದೆ ವಿವರಿಸಲಾಗಿದೆ. ಅದೇ ಸಂಗತಿಯು ಘಟಪ್ರಭೆಗೂ ಸಂಬಂಧಪಟ್ಟದ್ದಾಗಿರುತ್ತದೆ.

ಮೀನಿನ ವಾಸಸೀಮೆಯನ್ನು ನಕಾಶೆಯ ಮೇಲೆ ಗುರುತಿಸುವ ಕೆಲಸವು ಸಮುದ್ರದಲ್ಲಿ ಒಂದು ಬಗೆಯದು, ಹೊಳೆಯಲ್ಲಿ ಇನ್ನೊಂದು ಬಗೆಯದು. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಎದುರಿಗೆ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳದ ದಿಬ್ಬಗಳುಂಟು. ನೀರು ತಿಳಿಯಾಗಿರುವ ತಿಂಗಳುಗಳಲ್ಲಿ ಮುಳುಗುಗಾರರು ಒಳಗಿಳಿದು, ಬಣ್ಣಬಣ್ಣದ ಮೀನುಗಳನ್ನು ಕಣ್ಣಾರೆ ಕಂಡು, ಚಿತ್ರ ತೆಗೆದು, ಎಣಿಸಿ ಬರಬಹುದು. ಹವಳವು ಮುಗಿದಲ್ಲಿ ಹವಳದಾಶ್ರಯದ ಮೀನಿನ ಸೀಮೆಯೂ ಮುಗಿಯುವುದಾದರೂ, ಅದರ ಸೂಕ್ಷ್ಮವಾದ ಮರಿಗಳು ಸಮುದ್ರದ ಪ್ರವಾಹದಲ್ಲಿ ತೇಲಿ ದೂರದ ಮತ್ತೊಂದು ದಿಬ್ಬವನ್ನು ಸೇರಬಲ್ಲವು. ಹೊಳೆಯ ಮೀನಿಗೆ ಈ ಸೌಕರ್ಯವಿಲ್ಲ. ಘಟಪ್ರಭೆಯ ಮೀನು ನಡುವಿನ ದಿಣ್ಣೆಯನ್ನು ದಾಟಿ ಮಲಪ್ರಭೆಗೆ ಹೋಗಲಾರದು. ಹೋಗಬೇಕಾದರೆ ಕೃಷ್ಣೆಯವರೆಗೆ ಇಳಿದು ಸುತ್ತಿಯೇ ಹೋಗಬೇಕು. ಅಲ್ಲದೆ ಹೊಳೆಯ ಕೆನ್ನೀರಿನಲ್ಲಿ ಇಳಿದು ನೋಡಿದರೆ ಏನೂ ಕಾಣುವುದಿಲ್ಲ. ಆದಕಾರಣ ಇಲ್ಲಿ ಅಂಬಿಗರ ಬಲೆಯೇ ಕಣ್ಣು, ದಂಡೆಯ ಊರುಗಳೇ ನಕಾಶೆಯ ಚುಕ್ಕೆಗಳು.

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆಯು ಸುಮಾರು 283 ಕಿಲೋಮೀಟರು ಹರಿದು ಕೃಷ್ಣೆಯನ್ನು ಕೂಡುವುದು. ಮೀನಿನ ದೃಷ್ಟಿಯಿಂದ ನೋಡಿದರೆ ಅದು ಈಗ ಒಂದೇ ಹೊಳೆಯಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವು ಮೇಲಿನ ಭಾಗವನ್ನು ಬೇರ್ಪಡಿಸಿದೆ. ಅಂಬೋಲಿಯಲ್ಲಿ ಹುಟ್ಟಿದ ಹಿರಣ್ಯಕೇಶಿಯು ಆಜರಾ, ಗಡಹಿಂಗ್ಲಜಗಳ ಕಡೆಯಿಂದ ಹಾಯ್ದು ಸಂಕೇಶ್ವರದ ಹತ್ತಿರ ಇತ್ತ ಬಂದು ಘಟಪ್ರಭೆಗೆ ಸೇರುತ್ತದೆ. ಅದರ ಕೆಳಗೆ ಧೂಪದಾಳದಲ್ಲಿ 1897ರಲ್ಲಿ ಮುಗಿದ ಒಡ್ಡು ಇರುತ್ತದೆ. ಅದಕ್ಕೂ ಕೆಳಗೆ ಗೋಕಾಕದ ಜಲಪಾತವು. ಸುಮಾರು 170 ಅಡಿ, ಅಂದರೆ 52 ಮೀಟರು ಎತ್ತರದಿಂದ ಬೀಳುವ ಆ ನೀರಿನ ಎದುರಿಗೆ ಯಾವ ಮೀನೂ ಏರಲಾರದು. ಮೇಲಿನ ಮೀನು ಮಹಾಪೂರದಲ್ಲಿ ಕೆಳಗೆ ಬೀಳಬಹುದು. ಕೆಳಗಿನದು ಮೇಲಕ್ಕೆ ಹೋಗುವುದು ಶಕ್ಯವಿಲ್ಲ. ಆದುದರಿಂದ ಮೂಡಲಗಿ ತಾಲೂಕಿನ ಹೊಳೆಸಾಲಿನಲ್ಲಿ ಒಂದು ಮೀನು ಸಿಕ್ಕಿತೆಂದ ಮಾತ್ರಕ್ಕೆ ಅದು ಹುಕ್ಕೇರಿಯ ಕಡೆಗೂ ಇದ್ದೀತೆಂದು ನಕಾಶೆಯಲ್ಲಿ ಗೆರೆ ಎಳೆಯತಕ್ಕದ್ದಲ್ಲ. ಪ್ರತಿಯೊಂದು ತುಂಡನ್ನೂ ಬೇರೆಯಾಗಿಯೇ ನೋಡಬೇಕು. ಮಾರ್ಕಂಡೇಯ ನದಿಗೂ ಗೊಡಚಿನಮಲ್ಕಿಯ ಜಲಪಾತವಿರುವುದರಿಂದ ಇದೇ ನಿಯಮವು ಅಲ್ಲಿಯೂ ಅನ್ವಯಿಸುತ್ತದೆ.

ಇನ್ನು ಗುರುತಿನ ವಿಷಯ. ಬಣ್ಣವನ್ನು ನಂಬತಕ್ಕದ್ದಲ್ಲ, ನೀರಿನ ಕದಡಿಗೂ, ಮೀನಿನ ವಯಸ್ಸಿಗೂ, ಸತ್ತು ಎಷ್ಟು ಹೊತ್ತಾಯಿತೆಂಬುದಕ್ಕೂ ಅನುಸರಿಸಿ ಬಣ್ಣವು ಬದಲಾಗುವುದು. ನಂಬತಕ್ಕವು ಎಣಿಕೆ ಮತ್ತು ಅಳತೆಗಳು. ಕೃಷ್ಣಾ ಜಲಾನಯನದ ದೊಡ್ಡ ಮೀನಾದ ಮಹಶೀರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬಾಯಿಯ ಬಳಿ ಎರಡು ಜೊತೆ ಮೀಸೆಗಳು, ತುಟಿಗಳು ದಪ್ಪ, ಬೆನ್ನಿನ ರೆಕ್ಕೆಯ ಮುಂದಣ ಮುಳ್ಳು ಗಟ್ಟಿಯಾಗಿಯೂ ನುಣುಪಾಗಿಯೂ ಇರುವುದು, ಗರಗಸದಂತೆ ಹಲ್ಲುಳ್ಳದ್ದಲ್ಲ. ಮೈಮೇಲಿನ ಹುರುಪೆಗಳು ಬಹಳ ದೊಡ್ಡವು. ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ಪಕ್ಕೆಯ ನಡುವೆ ಸಣ್ಣ ರಂಧ್ರಗಳ ಒಂದು ಗೆರೆಯುಂಟು. ಆ ಗೆರೆಯ ಮೇಲಿನ ಹುರುಪೆಗಳನ್ನೆಣಿಸಿದರೆ ಈ ಮೀನಿನಲ್ಲಿ ಇಪ್ಪತ್ತೈದರ ಆಸುಪಾಸು ಬರುವುವು. ಅದೇ ಆಕಾರದ ಬೇರೆ ಮೀನಿನಲ್ಲಿ ನಲವತ್ತು ಬಂದರೆ ಅದು ಮಹಶೀರಲ್ಲವೆಂದು ಬೇರೆ ಪರೀಕ್ಷೆಯಿಲ್ಲದೆಯೇ ಹೇಳಬಹುದು. ಓದುಬರಹವಿಲ್ಲದವನೂ ಎಣಿಸಬಲ್ಲನು, ಈ ಶಾಸ್ತ್ರದ ಅರ್ಧ ಭಾಗವು ಇಷ್ಟೇ.

ಇದೇ ಜಲಾನಯನದ ನುಕ್ತಾ ಎಂಬ ಮೀನಂತೂ ಒಮ್ಮೆ ಕಂಡವರಿಗೆ ಮರೆಯುವಂಥದಲ್ಲ. ಅದರ ಮೂತಿಯ ಮೇಲೆ ಅಡ್ಡಲಾಗಿ ಒಂದು ಆಳವಾದ ಸೀಳು ಇದ್ದು, ಮೇಲಿನ ಭಾಗವು ಮೊಂಡು ಕೊಂಬಿನಂತೆ ಮುಂದೆ ಚಾಚಿರುವುದು. ಕೃಷ್ಣಾ ಜಲಾನಯನದ ಹೊರಗೆ ಇದು ಇರುವುದಿಲ್ಲ. ಇಲ್ಲಿಯೂ ಈಗ ಅಪರೂಪವಾಗಿದೆ. ಇಂಥದೊಂದು ಬಲೆಗೆ ಬಿದ್ದಲ್ಲಿ ಊರು, ತಿಥಿಗಳನ್ನು ಬರೆದಿಡುವುದು ಅತ್ಯವಶ್ಯವು.

ಈ ಮೀನುಗಳಿಗೆ ಶಾಸ್ತ್ರೀಯ ಹೆಸರುಗಳು ಬಂದ ಬಗೆಯೂ ತಿಳಿಯತಕ್ಕದ್ದಾಗಿದೆ. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬವರು ದಖ್ಖಣದ ಅಂಕಿಸಂಖ್ಯೆಗಳನ್ನು ಸಂಗ್ರಹಿಸುವ ಕೆಲಸದೊಂದಿಗೆ ಪುಣೆಯ ಸುತ್ತಣ ಭೀಮಾ ಜಲಾನಯನದ ಮೀನುಗಳನ್ನೂ ಸಂಗ್ರಹಿಸಿ, 1839ರಲ್ಲಿ ಲಂಡನ್ನಿನಲ್ಲಿ ಅವುಗಳ ವರ್ಣನೆಯನ್ನು ಪ್ರಕಟಿಸಿದರು. ಹೆಸರಿಗಾಗಿ ಅವರು ಗ್ರೀಕ್ ಲ್ಯಾಟಿನ್ ಕೋಶಗಳನ್ನಷ್ಟೇ ತಡಕಲಿಲ್ಲ. ಸ್ಥಳದ ಜನರು ಕರೆಯುತ್ತಿದ್ದ ಹೆಸರುಗಳನ್ನೇ ಇಟ್ಟರು. ಖುದ್ರಿ, ಮುಸುಲ್ಲಾ, ಕೋಲೂಸ್, ನುಕ್ತಾ, ಪೊಟೇಲ್ ಎಂಬ ಹೆಸರುಗಳು ಹೀಗೆಯೇ ಜಗತ್ತಿನ ಗ್ರಂಥಗಳನ್ನು ಸೇರಿದವು. (ಕಡೆಯ ಹೆಸರು ಕಿವಿಗೆ ‘ಪಾಟೀಲ’ ಎಂದೇ ಕೇಳುವುದರಿಂದ ಓದುವ ಗೌಡರಿಗೆ ನಗೆ ಬಂದರೆ ಆಶ್ಚರ್ಯವಿಲ್ಲ.) ಭೀಮೆಯೂ ಘಟಪ್ರಭೆಯೂ ಕೃಷ್ಣೆಯನ್ನೇ ಸೇರುವುದರಿಂದ ಸೈಕ್ಸರು ಅಲ್ಲಿ ಹೆಸರಿಟ್ಟ ಮೀನುಗಳಲ್ಲಿ ಅನೇಕವು ಇಲ್ಲಿಯವೂ ಆಗಿವೆ. ನೀಲಿ ರೆಕ್ಕೆಯ ಮಹಶೀರೇ ಅವರ ಖುದ್ರಿ.

ಆದರೆ ಮುಸುಲ್ಲಾ ಎಂಬ ಹೆಸರು ಬಹು ದೊಡ್ಡ ತೊಡಕಿಗೆ ಕಾರಣವಾಯಿತು. ಕಾವೇರಿಯಲ್ಲಿ ಬೆನ್ನು ಉಬ್ಬಿದ, ಕೆಂಬಣ್ಣದ ರೆಕ್ಕೆಗಳ ಭಾರಿ ಮಹಶೀರೊಂದುಂಟು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡು ತೂಗಿತ್ತು. ಸೈಕ್ಸರ ಮುಸುಲ್ಲಾ ಇದೇ ಇರಬೇಕೆಂದು ಪಂಡಿತರು ಬಹುಕಾಲ ಭಾವಿಸಿದ್ದರು. ಈಚೆಗೆ ಹಳೆಯ ವರ್ಣನೆಯನ್ನು ಮತ್ತೆ ಪರಿಶೀಲಿಸಿದಾಗ, ಮುಸುಲ್ಲಾ ಎಂಬುದು ಮಹಶೀರೇ ಅಲ್ಲ, ಕೃಷ್ಣಾ ಸೀಮೆಯ ಬೇರೊಂದು ಕುಲದ ಮೀನು ಎಂದು ಗೊತ್ತಾಯಿತು. ಕಾವೇರಿಯ ಉಬ್ಬುಬೆನ್ನಿನ ಮೀನಿಗೆ ಸರಿಯಾದ ಹೆಸರಿಲ್ಲದೆ ಹೋಯಿತು. ಕಡೆಗೆ 2018ರಲ್ಲಿ, ಕೇರಳದ ಪಾಂಬಾರು ಹೊಳೆಯಿಂದ 2007ರಲ್ಲಿ ವರ್ಣಿಸಲ್ಪಟ್ಟಿದ್ದ ಟಾರ್ ರೆಮಾದೇವಿ ಎಂಬುದೇ ಇದು ಎಂದು ನಿರ್ಧಾರವಾಯಿತು. ಪಾಂಬಾರೂ ಕಾವೇರಿಯ ಜಲಾನಯನದ್ದೇ ಆಗಿರುತ್ತದೆ.

ಹೆಸರಿನ ಜಗಳವು ಪಂಡಿತರದೆಂದು ಓದುಗರು ಭಾವಿಸಬಾರದು. ಈ ಮೀನು ಹೆಸರಿಲ್ಲದೆ ಇದ್ದ ಕಾಲದಲ್ಲಿಯೇ, ಅಂದರೆ 1970ರ ದಶಕದಿಂದ, ಕಾವೇರಿಯ ಮಹಶೀರು ಕಡಿಮೆಯಾಯಿತೆಂದು ಮರುಕಪಟ್ಟು ಹೊರಗಿನಿಂದ ಮರಿಗಳನ್ನು ತಂದು ಬಿಡಲಾಯಿತು. ಬಿಟ್ಟದ್ದು ಖುದ್ರಿಯನ್ನು. ಅದು ಕೃಷ್ಣಾ ಸೀಮೆಯ ಮೀನು. ಲೋಣಾವಳದ ಕೇಂದ್ರದಲ್ಲಿ ಅದರ ಮರಿ ಮಾಡುವ ವಿಧಾನವು ಸಿದ್ಧಿಸಿದ್ದರಿಂದ ಯಥೇಷ್ಟವಾಗಿ ಸಿಗುತ್ತಿತ್ತು. ಅದೂ ಮಹಶೀರು, ಇದೂ ಮಹಶೀರು, ಭೇದವೇನೆಂದು ಆಗ ಯಾರೂ ಕೇಳಲಿಲ್ಲ. ಕೆಲವು ದಶಕಗಳಲ್ಲಿ ಕಾವೇರಿಯ ಗಾಳಗಾರರಿಗೆ ಸಿಗುವ ಮಹಶೀರುಗಳಲ್ಲಿ ನೀಲಿ ರೆಕ್ಕೆಯವೇ ಬಹುಪಾಲಾದವು. ಉಬ್ಬುಬೆನ್ನಿನದು ಕಾಣುವುದೇ ಅಪರೂಪವಾಯಿತು. ಈಗ ಅದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನ ಅತಿ ಸಮೀಪಕ್ಕೆ ಬಂದವುಗಳ ವರ್ಗದಲ್ಲಿ ಸೇರಿದೆ. ಸದುದ್ದೇಶವೇನೋ ಇತ್ತು, ನಕಾಶೆ ಇರಲಿಲ್ಲ. ಘಟಪ್ರಭೆಯ ಸ್ವಂತ ಮೀನಾದ ಖುದ್ರಿಯು ಕಾವೇರಿಯಲ್ಲಿ ಪರಕೀಯವಾಗಿ ಪರಿಣಮಿಸಿತು. ನಾಳೆ ಬೇರೆ ಸೀಮೆಯ ಮೀನು ಘಟಪ್ರಭೆಯಲ್ಲಿ ಹಾಗೆಯೇ ಪರಿಣಮಿಸಬಹುದು.

ಪೂರ್ಣವಾಗಿ ಹೊಸ ಮೀನು ಇನ್ನೂ ಸಿಗಬಹುದೆಂಬುದಕ್ಕೆ ಹುಕ್ಕೇರಿಯವರ ಹೊಳೆಯೇ ಸಾಕ್ಷಿಯಾಗಿದೆ. ಅಂಬೋಲಿಯಲ್ಲಿ ಹಿರಣ್ಯಕೇಶಿಯ ಉಗಮದ ಮಹಾದೇವ ಗುಡಿಯ ಬಳಿ ದೊರೆತ, ಕಲ್ಲುಗಳ ಸಂದಿಯಲ್ಲಿ ವಾಸಿಸುವ ಬೆರಳುದ್ದದೊಳಗಿನ ಪಟ್ಟೆಯ ಮೀನೊಂದಕ್ಕೆ 2020ರಲ್ಲಿ ಪ್ರವೀಣರಾಜ, ತೇಜಸ್ ಠಾಕರೆ, ಶಂಕರ ಬಾಲಸುಬ್ರಮಣಿಯನ್ ಎಂಬವರು ‘ಶಿಸ್ಟೂರ ಹಿರಣ್ಯಕೇಶಿ’ ಎಂದು ಹೆಸರಿಟ್ಟರು. 2021ರಲ್ಲಿ ಮಹಾರಾಷ್ಟ್ರ ಸರಕಾರವು ಆ ಸ್ಥಳವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿತು. ಹೊಳೆಯ ಹೆಸರನ್ನು ಹೊತ್ತ ಮೀನಾದರೂ ಹೊಳೆಯುದ್ದಕ್ಕೂ ಇರುವುದೆಂದು ಭಾವಿಸಬಾರದು. ಅದು ದೊರೆತದ್ದು ಉಗಮದ ತಂಪಾದ ತಿಳಿನೀರಿನಲ್ಲಿ. ಸಂಕೇಶ್ವರದ ಕೆಳಗೆ ಕಲ್ಲಿನಡಿಯಲ್ಲಿ ಮೂರು ಜೊತೆ ಮೀಸೆಯ ಸಣ್ಣ ಮೀನು ಸಿಕ್ಕರೆ ಅದು ಅದೇ ಕುಲದ್ದಾದರೂ ಬೇರೆ ಜಾತಿಯದಿರಬಹುದು. ಪರೀಕ್ಷೆಯಾಗುವವರೆಗೆ ಹೆಸರನ್ನು ಹಚ್ಚತಕ್ಕದ್ದಲ್ಲ.

ನಕಾಶೆಯ ಸಲುವಾಗಿ ಬರೆದಿಡಬೇಕಾದದ್ದು ಹೆಚ್ಚಿನದೇನೂ ಅಲ್ಲ. ಊರು, ಮಡುವಿನ ಅಥವಾ ಘಟ್ಟದ ಹೆಸರು, ತಾರೀಖು, ಮೀನಿನ ಉದ್ದ, ನೀರಿನ ಆಳ, ತಳವು ಮರಳೋ ಕಲ್ಲೋ ಕೆಸರೋ, ಯಾವ ಬಲೆ, ಮತ್ತು ಅಂಬಿಗರು ಅದನ್ನು ಕರೆಯುವ ಹೆಸರು. ಮೊಬೈಲಿನಿಂದ ಮೀನಿನ ಎಡಪಕ್ಕದ ಚಿತ್ರವನ್ನು ಅಳತೆಪಟ್ಟಿಯೊಂದಿಗೆ ತೆಗೆದರೆ ಮೇಲು; ಸ್ಥಳದ ಅಕ್ಷಾಂಶ ರೇಖಾಂಶಗಳೂ ಅದರಲ್ಲಿಯೇ ಸಿಗುವುವು. ಸಿಗದೆ ಹೋದದ್ದನ್ನೂ ಬರೆಯಬೇಕು. ಒಂದೇ ಮಡುವಿನಲ್ಲಿ ವರ್ಷದಲ್ಲಿ ನಾಲ್ಕು ಸಲ ಬಲೆ ಹಾಕಿದರೂ ಒಂದು ಮೀನು ಬರಲಿಲ್ಲವೆಂಬುದು ಬಂದಿತೆಂಬುದರಷ್ಟೇ ಬೆಲೆಯುಳ್ಳ ಸಂಗತಿಯು. ಸಂತೆಯ ಮೀನನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಅದು ಕೆರೆಯದೋ, ಹೊರಜಿಲ್ಲೆಯದೋ, ಬರ್ಫದಲ್ಲಿ ಬಂದದ್ದೋ ಹೇಳಲಿಕ್ಕೆ ಬಾರದು. ಕಟ್ಲಾ, ರೋಹು, ಮೃಗಾಲ್‌ಗಳು ಉತ್ತರದ ನದಿಗಳಿಂದ ತಂದು ಕೆರೆ, ಜಲಾಶಯಗಳಲ್ಲಿ ಬಿಟ್ಟವುಗಳಾದ್ದರಿಂದ ಅವನ್ನು ಬೇರೆ ಬಣ್ಣದ ಶಾಯಿಯಿಂದ ಗುರುತಿಸಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿ ಸಮಿತಿಯಿದ್ದು ಜನತಾ ಜೀವವೈವಿಧ್ಯ ದಾಖಲೆಯನ್ನು ಇಡಬೇಕಾಗಿರುತ್ತದೆ. ಈ ಮೀನಿನ ಲೆಕ್ಕಕ್ಕೆ ಅದೇ ತಕ್ಕ ಸ್ಥಳವು. ಅದರಲ್ಲಿ ಮರ, ಪಕ್ಷಿಗಳ ಜೊತೆಗೆ ‘ಮೀನು’ ಎಂದು ಒಂದೇ ಸಾಲು ಬರೆದು ಬಿಡುವುದು ಬರೆಯದೆ ಇದ್ದುದಕ್ಕೆ ಸಮಾನ.

ಜಮೀನುದಾರರು ವಿಶೇಷವಾಗಿ ಲಕ್ಷ್ಯ ಕೊಡತಕ್ಕದ್ದು ಬೇಸಿಗೆಯ ಮಡುಗಳ ಕಡೆಗೆ. ಫಾಲ್ಗುಣದಿಂದ ಜ್ಯೇಷ್ಠದವರೆಗೆ ಹರಿವು ನಿಂತು ಹೋದಾಗ ದೊಡ್ಡ ಮೀನುಗಳೆಲ್ಲ ಉಳಿದ ಕೆಲವು ಆಳವಾದ ಮಡುಗಳಲ್ಲಿ ಸೇರಿಕೊಳ್ಳುವುವು. ಮಳೆಗಾಲದ ಹೊಸ ನೀರಿಗೆ ಮಹಶೀರು ಮೇಲಕ್ಕೆ ಏರಿ, ಸಣ್ಣಕಲ್ಲುಗಳ ಹಾಸಿನಲ್ಲಿ ಮೊಟ್ಟೆಯಿಡುವುದು. ಮಡುವಿನಲ್ಲಿ ಉಳಿದವುಗಳೇ ಮುಂದಿನ ಬೀಜ. ಬೀಜದ ಜೋಳವನ್ನು ಕುಟ್ಟಿ ರೊಟ್ಟಿ ಮಾಡುವ ಒಕ್ಕಲಿಗನಿಲ್ಲ. ಆದರೆ ಕಬ್ಬಿಗೆ ಇನ್ನೊಂದು ನೀರು ಸಾಲದಾಯಿತೆಂದು ನಾಲ್ಕಾರು ಪಂಪುಗಳನ್ನು ಹೂಡಿ ಕಡೆಯ ಮಡುವನ್ನು ತಳ ಕಾಣುವವರೆಗೆ ಎಳೆಯುವುದುಂಟು. ಆಗ ಹೋಗುವುದು ಒಂದು ದಿನದ ಮೀನಲ್ಲ, ಆ ತುಂಡಿನ ಹೊಳೆಯ ಸಂತತಿಯೇ. ಜಲಪಾತದ ಮೇಲ್ಭಾಗದಲ್ಲಿ ಹೀಗಾದರೆ ಕೆಳಗಿನಿಂದ ಏರಿ ಬಂದು ತುಂಬಿಕೊಡುವ ಮೀನು ಇಲ್ಲ. ಮಡುವಿನಲ್ಲಿ ಎರಡಾಳು ನೀರನ್ನು ಬಿಡುವುದೆಂದು ದಂಡೆಯ ಪಂಪುದಾರರು ಕೂಡಿ ಗೊತ್ತುಮಾಡಿಕೊಂಡರೆ ಸಾಕು. ಇದಕ್ಕೆ ಸರಕಾರದ ಹಣವೂ ಬೇಡ.

ಸಿಡಿಮದ್ದು ಹಾಗೂ ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ನಿಷೇಧಿಸಿತ್ತು. ಧೂಪದಾಳದ ಒಡ್ಡು ಮುಗಿದದ್ದೂ ಅದೇ ವರ್ಷ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವರ ಮೀನುಗಳೆಂದು ಭಕ್ತರು ಸಾಕಿದ ಮಹಶೀರುಗಳು 1996ರಲ್ಲಿ ವಿಷಕ್ಕೆ ತುತ್ತಾಗಿ ರಾಶಿರಾಶಿಯಾಗಿ ಸತ್ತವು. ಆ ಊರವರು ಅವುಗಳಿಗೆ ಸ್ಮಾರಕ ಕಟ್ಟಿದ್ದಾರೆ. ಹಾಗೆಯೇ ಹೊಲದ ಕೆರೆಯಲ್ಲಿ ಆಫ್ರಿಕಾದ ಕ್ಯಾಟ್‌ಫಿಶ್ ಎಂಬ ಮೀಸೆಮೀನನ್ನು ಸಾಕಬಾರದು. ಅದರ ಸಾಕಣೆಯನ್ನು ಭಾರತ ಸರಕಾರವು 2000ದಲ್ಲಿ ನಿಷೇಧಿಸಿದೆ. ಕೆರೆಯು ಕೋಡಿ ಬಿದ್ದ ದಿನವೇ ಅದು ಹಳ್ಳವನ್ನು ಸೇರಿ, ಹಳ್ಳದಿಂದ ಹೊಳೆಗೆ ಇಳಿದು, ಕಂಡ ಮೀನನ್ನು ತಿನ್ನುವುದು.

ಗುರುತು ಹತ್ತದ ಮೀನನ್ನು ಪರೀಕ್ಷೆಗೆ ಕೊಡುವವರು ಮೊದಲು ರೆಕ್ಕೆಯ ಚಿಕ್ಕ ತುಣುಕನ್ನು ಕತ್ತರಿಸಿ ಶುದ್ಧ ಮದ್ಯಸಾರದ ಸಣ್ಣ ಶೀಸೆಯಲ್ಲಿ ಬೇರೆಯಾಗಿ ಇಡಬೇಕು. ಫಾರ್ಮಲಿನ್ ತಗಲಿದರೆ ವಂಶಪರೀಕ್ಷೆಗೆ ಅದು ಕೆಲಸಕ್ಕೆ ಬಾರದು. ಬಳಿಕ ಮೀನನ್ನು ಒಂದು ಪಾಲು ಫಾರ್ಮಲಿನ್ನಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಮುಳುಗಿಸಿಡುವುದು. ಗೇಣಿಗಿಂತ ದೊಡ್ಡದಾದರೆ ಬಲಪಕ್ಕದಲ್ಲಿ ಹೊಟ್ಟೆಯನ್ನು ಸ್ವಲ್ಪ ಸೀಳಬೇಕು, ಇಲ್ಲವಾದರೆ ಒಳಗೆ ಕೊಳೆಯುವುದು. ಫಾರ್ಮಲಿನ್ನಿನ ಹಬೆ ಕಣ್ಣಿಗೂ ಉಸಿರಿಗೂ ಕೆಡಕು. ಮಕ್ಕಳ ಕೈಗೆ ಕೊಡಬಾರದು. ಊರು, ಮಡು, ತಾರೀಖುಗಳನ್ನು ಗಟ್ಟಿ ಕಾಗದದ ಮೇಲೆ ಸೀಸದಕಡ್ಡಿಯಿಂದ ಬರೆದು ಶೀಸೆಯ ಒಳಗೇ ಹಾಕಿ, ತಾಲೂಕಿನ ಮೀನುಗಾರಿಕೆ ಕಚೇರಿಗೆ ಒಪ್ಪಿಸತಕ್ಕದ್ದು. ಶಾಯಿಯಿಂದ ಬರೆದರೆ ಎರಡು ದಿನದಲ್ಲಿ ಅಳಿಸಿ ಹೋಗುವುದು.