ಡಾಲರು ಚಿನ್ನದ ನಂಟು ಕಳಚಿದ ದಿನ: 1971ರ ಆಗಸ್ಟ್ 15

ವಿದೇಶೀ ವಿನಿಮಯ ದರವು ದಿನಂಪ್ರತಿ, ಅಷ್ಟೇಕೆ, ಗಳಿಗೆ ಗಳಿಗೆಗೂ ಏರಿಳಿಯುವುದನ್ನು ಇಂದಿನ ವರ್ತಕರು ಸಹಜವೆಂದೇ ಭಾವಿಸಿದ್ದಾರೆ. ಎರಡನೆಯ ಮಹಾಯುದ್ಧದ ನಂತರದ ಕಾಲು ಶತಮಾನದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ, ಡಾಲರಿಗೆ 4.76 ಇದ್ದ ದರ 7.50 ರೂಪಾಯಿ ಆಯಿತು. ಆ ಪೆಟ್ಟು ದೊಡ್ಡದೇ. ಆದರೆ ಅನಂತರದ ಐದು ವರ್ಷಗಳ ಕಾಲ ಆ 7.50 ಕದಲದೆ ನಿಂತಿತು. ರಫ್ತುದಾರನು ಬಿಲ್ಲು ಬರೆದ ದಿನಕ್ಕೂ ಹಣ ಕೈಸೇರಿದ ದಿನಕ್ಕೂ ಅಧಿಕೃತ ದರ ಒಂದೇ. ಈ ನೆಮ್ಮದಿಗೆ ತೆರೆ ಬಿದ್ದದ್ದು 1971ರ ಆಗಸ್ಟ್ 15ರ ಭಾನುವಾರ ರಾತ್ರಿ, ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರು ದೂರದರ್ಶನದಲ್ಲಿ ಮಾಡಿದ ಒಂದು ಭಾಷಣದಿಂದ.

ಆ ಭಾಷಣದ ಮಹತ್ವ ತಿಳಿಯಬೇಕಾದರೆ 1944ಕ್ಕೆ ಹಿಂದಿರುಗಬೇಕು. ಆ ವರ್ಷದ ಜುಲೈ ತಿಂಗಳಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬ್ರೆಟನ್ ವುಡ್ಸ್ ಎಂಬಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಯುದ್ಧಾನಂತರದ ಹಣಕಾಸು ವ್ಯವಸ್ಥೆಯನ್ನು ರೂಪಿಸಿದರು. ಬ್ರಿಟನ್ನಿನ ಪರವಾಗಿ ಜಾನ್ ಮೇನಾರ್ಡ್ ಕೇನ್ಸ್, ಅಮೆರಿಕದ ಪರವಾಗಿ ಹ್ಯಾರಿ ಡೆಕ್ಸ್‌ಟರ್ ವೈಟ್ ಅಲ್ಲಿನ ಪ್ರಮುಖರು. ಇನ್ನೂ ಸ್ವತಂತ್ರವಾಗದಿದ್ದ ಭಾರತದ ನಿಯೋಗದಲ್ಲಿ ಸಿ. ಡಿ. ದೇಶಮುಖ್, ಆರ್. ಕೆ. ಷಣ್ಮುಖಂ ಚೆಟ್ಟಿ, ಎ. ಡಿ. ಶ್ರಾಫ್ ಅವರಿದ್ದರು. ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕುಗಳು ಹುಟ್ಟಿದ್ದು ಆ ಸಮ್ಮೇಳನದ ಫಲವಾಗಿಯೇ. ಅಲ್ಲಿ ಒಪ್ಪಿತವಾದ ಸೂತ್ರ ಸರಳ: ಒಂದು ಔನ್ಸ್ ಚಿನ್ನಕ್ಕೆ 35 ಡಾಲರು, ಇತರ ನಾಣ್ಯಗಳಿಗೆ ಡಾಲರಿನೊಡನೆ ನಿಗದಿತ ದರ, ಶೇಕಡಾ ಒಂದರಷ್ಟು ಮಾತ್ರ ಆಚೀಚೆ. ಯಾವುದೇ ರಾಷ್ಟ್ರದ ಕೇಂದ್ರ ಬ್ಯಾಂಕು ತನ್ನಲ್ಲಿರುವ ಡಾಲರುಗಳನ್ನು ಮುಂದಿಟ್ಟರೆ ಅಮೆರಿಕವು ಆ ದರದಲ್ಲಿ ಚಿನ್ನ ಕೊಡತಕ್ಕದ್ದು. ಖಾಸಗಿ ವ್ಯಕ್ತಿಗಳಿಗೆ ಈ ಸೌಲಭ್ಯವಿರಲಿಲ್ಲ. ಅಮೆರಿಕದ ಪ್ರಜೆಗಳು ಚಿನ್ನದ ಗಟ್ಟಿಯನ್ನು ಇಟ್ಟುಕೊಳ್ಳುವುದನ್ನೇ 1933ರಲ್ಲಿ ನಿಷೇಧಿಸಲಾಗಿತ್ತು.

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಂದೇ ಕಡೆ ಇದ್ದವು. ಹುಂಡಿ ವ್ಯವಹಾರ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಒಬ್ಬ ಸಾಹುಕಾರನ ಹುಂಡಿಯನ್ನು ಪೇಟೆಯವರೆಲ್ಲರೂ ನಗದಿನಂತೆಯೇ ಸ್ವೀಕರಿಸುತ್ತಾರೆಂದುಕೊಳ್ಳೋಣ. ಪೇಟೆಯ ವಹಿವಾಟು ಬೆಳೆದಂತೆ ಹುಂಡಿಗಳೂ ಹೆಚ್ಚಬೇಕು. ಹುಂಡಿಗಳು ಹೆಚ್ಚಿದಂತೆ ತಿಜೋರಿಯ ನಗದು ಅವಕ್ಕೆ ಸಾಲದಾಗುತ್ತದೆ. ಹುಂಡಿ ಬರೆಯುವುದನ್ನು ನಿಲ್ಲಿಸಿದರೆ ಪೇಟೆ ಸೊರಗುತ್ತದೆ; ನಿಲ್ಲಿಸದಿದ್ದರೆ ಸಾಹುಕಾರನ ಮೇಲಿನ ನಂಬಿಕೆ ಸೊರಗುತ್ತದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಟ್ರಿಫಿನ್ 1960ರಲ್ಲೇ ಡಾಲರಿನ ವಿಷಯದಲ್ಲಿ ಈ ಇಕ್ಕಟ್ಟನ್ನು ಎತ್ತಿ ತೋರಿಸಿದ್ದರು.

ಅವರೆಂದಂತೆಯೇ ಆಯಿತು. 1949ರಲ್ಲಿ ಅಮೆರಿಕದ ಬಳಿ 2,400 ಕೋಟಿ ಡಾಲರಿಗೂ ಹೆಚ್ಚು ಬೆಲೆಯ ಚಿನ್ನವಿತ್ತು. 1971ರ ಹೊತ್ತಿಗೆ ಅದು ಸುಮಾರು ಸಾವಿರ ಕೋಟಿಗೆ ಇಳಿದಿತ್ತು. ಹೊರದೇಶಗಳ ಕೈಯಲ್ಲಿದ್ದ ಡಾಲರುಗಳಾದರೋ ಅದರ ಹಲವು ಪಟ್ಟು. ವಿಯೆಟ್ನಾಂ ಯುದ್ಧದ ವೆಚ್ಚ, ಒಳನಾಡಿನ ಕಲ್ಯಾಣ ಯೋಜನೆಗಳ ವೆಚ್ಚ, ಇವೆರಡನ್ನೂ ಭರಿಸುವಷ್ಟು ತೆರಿಗೆ ಹಾಕಲು ಇದ್ದ ಹಿಂಜರಿಕೆ ಎಲ್ಲವೂ ಸೇರಿ ಬೆಲೆಗಳು ಏರಿದ್ದವು. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ 1965ರಲ್ಲಿ ಡಾಲರಿನ ಈ ವಿಶೇಷ ಸ್ಥಾನವನ್ನು ಬಹಿರಂಗವಾಗಿ ಟೀಕಿಸಿದರು. ಫ್ರಾನ್ಸು ಡಾಲರು ಕೊಟ್ಟು ಚಿನ್ನ ಒಯ್ಯತೊಡಗಿತು. 1971ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿಯು ತನ್ನ ಮಾರ್ಕಿನ ನಿಗದಿತ ದರವನ್ನೇ ಕೈಬಿಟ್ಟಿತು. 1893ರ ನಂತರ ಮೊದಲ ಬಾರಿಗೆ ಅಮೆರಿಕದ ವಾರ್ಷಿಕ ಸರಕು ವ್ಯಾಪಾರದಲ್ಲಿ ಕೊರತೆ ಕಾಣಿಸಿಕೊಂಡದ್ದೂ ಆ ವರ್ಷವೇ.

ಆಗಸ್ಟ್ 13ರಂದು ನಿಕ್ಸನ್ ಅವರು ಖಜಾನೆ ಕಾರ್ಯದರ್ಶಿ ಜಾನ್ ಕಾನಲಿ, ಫೆಡರಲ್ ರಿಸರ್ವ್ ಅಧ್ಯಕ್ಷ ಆರ್ಥರ್ ಬರ್ನ್ಸ್, ಪಾಲ್ ವೋಲ್ಕರ್ ಮೊದಲಾದವರೊಡನೆ ಕ್ಯಾಂಪ್ ಡೇವಿಡ್ ಸೇರಿದರು. ಚಿನ್ನ ಕೊಡುವುದನ್ನು ನಿಲ್ಲಿಸಲು ಬರ್ನ್ಸ್ ಅವರಿಗೆ ಮನಸ್ಸಿರಲಿಲ್ಲ. ಕಾನಲಿಯವರ ಮಾತೇ ನಡೆಯಿತು. ಸೋಮವಾರ ಮಾರುಕಟ್ಟೆಗಳು ತೆರೆಯುವ ಮುನ್ನ ಭಾನುವಾರವೇ ಘೋಷಣೆಯಾಗಬೇಕೆಂದು ತೀರ್ಮಾನಿಸಲಾಯಿತು. ವೇತನ ಮತ್ತು ಬೆಲೆಗಳಿಗೆ 90 ದಿನಗಳ ತಡೆ, ತೆರಿಗೆಗೆ ಒಳಪಟ್ಟ ಆಮದುಗಳ ಮೇಲೆ ಶೇಕಡಾ 10ರ ಹೆಚ್ಚುವರಿ ಸುಂಕ, ಡಾಲರನ್ನು ಚಿನ್ನಕ್ಕೆ ಪರಿವರ್ತಿಸುವುದಕ್ಕೆ ‘ತಾತ್ಕಾಲಿಕ’ ನಿಲುಗಡೆ ಇವು ಆ ಭಾಷಣದ ಮುಖ್ಯಾಂಶಗಳು. ಹೆಚ್ಚುವರಿ ಸುಂಕ ನಾಲ್ಕು ತಿಂಗಳಲ್ಲಿ ರದ್ದಾಯಿತು. ತಾತ್ಕಾಲಿಕವೆಂದದ್ದು ಮಾತ್ರ ಶಾಶ್ವತವಾಯಿತು. ಸರಕಾರಗಳ ಆದೇಶಗಳನ್ನು ಓದಿ ಪಳಗಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಆ ಹೊತ್ತಿಗೆ ಭಾರತದಲ್ಲಿ ಸೋಮವಾರ ಬೆಳಗಾಗಿತ್ತು. ರೂಪಾಯಿಯನ್ನು ಕೆಲಕಾಲ ಡಾಲರಿಗೇ 7.50ರ ದರದಲ್ಲಿ ಕಟ್ಟಿಡಲಾಯಿತು. ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಹತ್ತು ರಾಷ್ಟ್ರಗಳು ಸೇರಿ ಹೊಸ ದರಗಳನ್ನು ನಿಗದಿಗೊಳಿಸಿದವು: ಚಿನ್ನ ಔನ್ಸಿಗೆ 38 ಡಾಲರು, ಡಾಲರಿಗೆ 360 ಇದ್ದ ಜಪಾನಿನ ಯೆನ್ 308, 3.66 ಇದ್ದ ಜರ್ಮನ್ ಮಾರ್ಕು 3.2225. ಭಾರತವು ರೂಪಾಯಿಯನ್ನು ಪೌಂಡಿಗೆ 18.9677ರಂತೆ ಮತ್ತೆ ಜೋಡಿಸಿತು. ಇದರಿಂದ ಡಾಲರಿನ ಬೆಲೆ ಸುಮಾರು 7.28 ರೂಪಾಯಿಗೆ ಇಳಿಯಿತು.

ಈ ಅಂಕಿಗಳನ್ನು ವರ್ತಕನ ಖಾತೆ ಪುಸ್ತಕಕ್ಕೆ ಇಳಿಸಿ ನೋಡಬೇಕು. ಹತ್ತು ಸಾವಿರ ಡಾಲರಿನ ಬಿಲ್ಲು ಬರೆದ ರಫ್ತುದಾರನು 75,000 ರೂಪಾಯಿ ನಿರೀಕ್ಷಿಸಿದ್ದರೆ, ಹೊಸ ದರದಲ್ಲಿ ಅವನ ಕೈಸೇರುವುದು ಸುಮಾರು 72,800. ಎರಡು ಸಾವಿರದ ಇನ್ನೂರು ರೂಪಾಯಿ ಅವನ ತಪ್ಪಿಲ್ಲದೆಯೇ ಕರಗಿತು. ಜರ್ಮನಿಯಿಂದ ಒಂದು ಲಕ್ಷ ಮಾರ್ಕಿನ ಯಂತ್ರವನ್ನು ಕಂತಿನ ಮೇಲೆ ತರಿಸಿದ ಸಣ್ಣ ಕೈಗಾರಿಕೋದ್ಯಮಿಯ ಸ್ಥಿತಿ ಇನ್ನೂ ಕಷ್ಟ. ಹಳೆಯ ದರದಲ್ಲಿ ಆ ಸಾಲ ಸುಮಾರು 2.05 ಲಕ್ಷ ರೂಪಾಯಿ; ಹೊಸ ದರದಲ್ಲಿ 2.26 ಲಕ್ಷ. ಯಂತ್ರ ಅದೇ, ಅದರ ಉತ್ಪಾದನೆಯೂ ಅಷ್ಟೇ. ಸಾಲ ಮಾತ್ರ ಶೇಕಡಾ ಹತ್ತರಷ್ಟು ಬೆಳೆಯಿತು. ಒಂದೇ ಘೋಷಣೆಯು ಡಾಲರು ಪಡೆಯಬೇಕಾದವನಿಗೂ ಮಾರ್ಕು ಕೊಡಬೇಕಾದವನಿಗೂ ನಷ್ಟ ತಂದದ್ದನ್ನು ಗಮನಿಸಬೇಕು.

ಇಂತಹ ಹೆಚ್ಚಳವನ್ನು ಲೆಕ್ಕದಲ್ಲಿ ಎಲ್ಲಿ ತೋರಿಸಬೇಕೆಂಬ ಪ್ರಶ್ನೆ 1966ರ ಅಪಮೌಲ್ಯದ ಬೆನ್ನಲ್ಲೇ ಎದ್ದಿತ್ತು. ಅದಕ್ಕಾಗಿಯೇ 1961ರ ಆದಾಯ ತೆರಿಗೆ ಕಾಯ್ದೆಗೆ 43ಎ ಕಲಮನ್ನು ಸೇರಿಸಿ, ವಿದೇಶದಿಂದ ತಂದ ಆಸ್ತಿಯ ಸಾಲ ದರವ್ಯತ್ಯಾಸದಿಂದ ಹೆಚ್ಚಿದರೆ ಆಸ್ತಿಯ ವೆಚ್ಚವನ್ನೇ ಹೊಂದಿಸಲು ಅವಕಾಶ ಕಲ್ಪಿಸಲಾಗಿತ್ತು. ಎಂದೋ ಒಮ್ಮೆ ಬರುವ ಅಪಮೌಲ್ಯಕ್ಕೆಂದು ಬರೆದ ನಿಯಮವದು. 1971ರ ನಂತರ ಅದು ಪ್ರತಿ ವರ್ಷದ ಕೆಲಸವಾಯಿತು. ಲೆಕ್ಕಪತ್ರ ಮಾನದಂಡ 11 ಬಂದದ್ದೂ, ಅದನ್ನು 2003ರಲ್ಲಿ ಪರಿಷ್ಕರಿಸಿದ್ದೂ, 2009ರಲ್ಲಿ ದೀರ್ಘಾವಧಿ ಸಾಲಗಳಿಗೆ ಮತ್ತೆ ಸಡಿಲಿಕೆ ಕೊಟ್ಟದ್ದೂ ಇದೇ ಸರಪಳಿಯ ಕೊಂಡಿಗಳು.

ಸ್ಮಿತ್ಸೋನಿಯನ್ ಒಪ್ಪಂದ ಹೆಚ್ಚು ದಿನ ಬಾಳಲಿಲ್ಲ. 1972ರ ಜೂನ್ ತಿಂಗಳಲ್ಲಿ ಪೌಂಡು ತೇಲತೊಡಗಿತು, ಅದಕ್ಕೆ ಕಟ್ಟಿದ್ದ ರೂಪಾಯಿಯೂ ಅದರೊಡನೆ ಜಾರಿತು. 1973ರ ಮಾರ್ಚ್ ವೇಳೆಗೆ ಪ್ರಮುಖ ನಾಣ್ಯಗಳೆಲ್ಲವೂ ತೇಲುವ ದರಕ್ಕೆ ಬಂದವು. ಅದೇ ವರ್ಷದ ಕೊನೆಯಲ್ಲಿ ತೈಲ ಬಿಕ್ಕಟ್ಟು. ಪೀಪಾಯಿಗೆ ಸುಮಾರು 3 ಡಾಲರು ಇದ್ದ ಕಚ್ಚಾತೈಲ 1974ರ ಜನವರಿಯಲ್ಲಿ 11 ಡಾಲರು ದಾಟಿತು. ತೈಲದ ಬೆಲೆಯೇರಿಕೆಗೆ ಅರಬ್–ಇಸ್ರೇಲ್ ಯುದ್ಧವೊಂದನ್ನೇ ಹೊಣೆ ಮಾಡುವುದು ವಾಡಿಕೆ. ಡಾಲರಿನಲ್ಲಿ ಹಣ ಪಡೆಯುತ್ತಿದ್ದ ತೈಲ ರಾಷ್ಟ್ರಗಳಿಗೆ ಆ ಡಾಲರೇ ಸವಕಲಾಗಿತ್ತೆಂಬುದನ್ನೂ ಜೊತೆಗೆ ಹೇಳುವುದು ನ್ಯಾಯ.

ಭಾರತವು 1975ರ ಸೆಪ್ಟೆಂಬರಿನಲ್ಲಿ ಪೌಂಡಿನ ಹಗ್ಗ ಬಿಚ್ಚಿ ರೂಪಾಯಿಯನ್ನು ಹಲವು ನಾಣ್ಯಗಳ ಗುಚ್ಛಕ್ಕೆ ಕಟ್ಟಿತು. 1993ರ ಮಾರ್ಚಿನಿಂದ ಮಾರುಕಟ್ಟೆಯೇ ದರ ನಿರ್ಧರಿಸುವ ಪದ್ಧತಿ ಜಾರಿಗೆ ಬಂದಿತು. ಬಿಲ್ಲು ಬರೆದ ದಿನವೇ ಬ್ಯಾಂಕಿನೊಡನೆ ಫಾರ್ವರ್ಡ್ ಕಾಂಟ್ರಾಕ್ಟ್ ಮಾಡಿಕೊಂಡು ದರವನ್ನು ಭದ್ರಪಡಿಸಿಕೊಳ್ಳುವುದು ಅಂದಿನಿಂದ ದೊಡ್ಡ ಕಂಪನಿಗಳಿಗಷ್ಟೇ ಸೀಮಿತವಾದ ವಿಷಯವಾಗಿ ಉಳಿದಿಲ್ಲ. ಆ ಶುಲ್ಕ ಉಳಿಸಲು ಹೋಗಿ ಲಾಭವನ್ನೇ ಕಳೆದುಕೊಳ್ಳುವ ಸಣ್ಣ ರಫ್ತುದಾರರು ಈಗಲೂ ಇದ್ದಾರೆ.

ಅಮೆರಿಕದ ಖಜಾನೆಯ ಲೆಕ್ಕ ಪುಸ್ತಕದಲ್ಲಿ ಒಂದು ಕುತೂಹಲದ ನಮೂದು ಇಂದಿಗೂ ಉಳಿದಿದೆ. ಅಲ್ಲಿರುವ ಸುಮಾರು 26 ಕೋಟಿ ಔನ್ಸ್ ಚಿನ್ನವನ್ನು 1973ರಲ್ಲಿ ನಿಗದಿಯಾದ 42.22 ಡಾಲರಿನ ದರದಲ್ಲೇ ತೋರಿಸಲಾಗುತ್ತಿದೆ. ಒಟ್ಟು ಮೌಲ್ಯ ಸುಮಾರು 1,100 ಕೋಟಿ ಡಾಲರು. 2025ರ ಅಕ್ಟೋಬರಿನಲ್ಲಿ ಪೇಟೆಯ ದರ ಔನ್ಸಿಗೆ 4,000 ಡಾಲರನ್ನು ದಾಟಿತು.