‘ಮನಸ್ಸು ಗಟ್ಟಿ ಮಾಡ್ಕೋ’ ಅಂದರೆ ಖಿನ್ನತೆ ವಾಸಿಯಾಗುತ್ತದೆಯೇ?

ಬಹರೈನಿನ ಮನಾಮಾದ ರೂಮಿನಲ್ಲಿ ಒಬ್ಬಾತ ಡ್ಯೂಟಿ ಮುಗಿಸಿ ಬಂದವನೇ ಊಟವನ್ನೂ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದರೆ, ಜೊತೆಗಿರುವವರು ಹೇಳುವುದು ಒಂದೇ ಮಾತು: ‘ಮನಸ್ಸು ಗಟ್ಟಿ ಮಾಡ್ಕೋ.’ ಮಾತಿನಲ್ಲಿ ಪ್ರೀತಿಯಿದೆ. ಆದರೆ ಬೇಸರ, ನಿರಾಸಕ್ತಿ, ನಿದ್ದೆಗೇಡು ಎರಡು ವಾರ ದಾಟಿದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ. ಅದರಲ್ಲೊಂದು, ಆಲೋಚನೆಯನ್ನೇ ಹಿಡಿದು ನಡೆಸುವ ಕಾಗ್ನಿಟಿವ್ ಥೆರಪಿ.

ತಪ್ಪು ಕಲ್ಪನೆ: ಕೈತುಂಬ ದುಡಿಯುವವನಿಗೆ ಎಂಥ ಖಿನ್ನತೆ?
ಸತ್ಯ: ಖಿನ್ನತೆ ದಿನಾರ್ ಎಣಿಸಿ ಬರುವುದಿಲ್ಲ. ವಂಶವಾಹಿ, ಮಿದುಳಿನ ಕಾರ್ಯ, ಊರಿನ ಸಾಲ, ಮನೆಯವರ ಅಗಲಿಕೆ, ಎಲ್ಲವೂ ಸೇರಿ ಅದು ಬರಬಹುದು. ಅದು ಹೇಡಿತನವಲ್ಲ, ಕಾಯಿಲೆ.

ತಪ್ಪು ಕಲ್ಪನೆ: ಥೆರಪಿ ಅಂದರೆ ‘ಒಳ್ಳೆಯದನ್ನೇ ಯೋಚಿಸು’ ಎಂಬ ಉಪದೇಶ.
ಸತ್ಯ: ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಈ ಚಿಕಿತ್ಸೆಯಲ್ಲಿ ಉಪದೇಶವಿಲ್ಲ, ಪರೀಕ್ಷೆಯಿದೆ. ರಾತ್ರಿ 9ಕ್ಕೆ ಊರಿಗೆ ಫೋನ್ ಮಾಡಿದಿರಿ, ಅಣ್ಣ ಎತ್ತಲಿಲ್ಲ. ‘ನಾನು ಯಾರಿಗೂ ಬೇಡ’ ಅನ್ನಿಸಿತು. ಥೆರಪಿಸ್ಟ್ ಆ ಮಾತನ್ನು ಬರೆಸಿ, ಅದಕ್ಕೆ ಸಾಕ್ಷಿ ಏನೆಂದು ಕೇಳುತ್ತಾರೆ. ಆಗ ಉಡುಪಿಯಲ್ಲಿ 11.30 ಆಗಿತ್ತು, ಮನೆ ಮಲಗಿತ್ತು ಎಂಬುದು ನಿಮಗೇ ಹೊಳೆಯುತ್ತದೆ. ಜೊತೆಗೆ ಸಣ್ಣ ಕೆಲಸಗಳ ಮನೆಪಾಠವೂ ಇರುತ್ತದೆ: ಶುಕ್ರವಾರ ಸಂಜೆ ಕಡಲ ದಡದಲ್ಲಿ ಅರ್ಧ ಗಂಟೆ ನಡಿಗೆ, ಸಂಪರ್ಕ ಬಿಟ್ಟುಹೋದ ಗೆಳೆಯನ ಜೊತೆ ಒಂದು ಚಹಾ.

ತಪ್ಪು ಕಲ್ಪನೆ: ಥೆರಪಿ ಶುರು ಮಾಡಿದರೆ ವರ್ಷಗಟ್ಟಲೆ ಬಿಡುವಂತಿಲ್ಲ, ಆದರೆ ಮಾತ್ರೆಯನ್ನು ಬಿಟ್ಟೇಬಿಡಬಹುದು.
ಸತ್ಯ: ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಭೇಟಿ. ಕಾಯಿಲೆ ತೀವ್ರವಾಗಿದ್ದರೆ ಮಾತ್ರೆ, ಥೆರಪಿ ಎರಡೂ ಬೇಕಾಗಬಹುದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಕಲಿತ ಅಭ್ಯಾಸ ಕೈಯಲ್ಲೇ ಉಳಿಯುವುದರಿಂದ ಖಿನ್ನತೆ ಮರುಕಳಿಸುವ ಸಾಧ್ಯತೆಯೂ ಕಡಿಮೆಯಾಗುತ್ತದೆ.

ತಪ್ಪು ಕಲ್ಪನೆ: ಇದು ಇಂಗ್ಲಿಷ್ ಬಲ್ಲ, ಓದಿದವರಿಗೆ ಮಾತ್ರ.
ಸತ್ಯ: ನಮ್ಮ ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಇದರ ಸೋದರ ವಿಧಾನವೊಂದನ್ನು 6ರಿಂದ 8 ಭೇಟಿಗಳಲ್ಲಿ ನಡೆಸಿದರು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದರು. ಮಾಮೂಲಿ ಆರೈಕೆಯಲ್ಲಿ ಹಾಗೆ ಹೊರಬಂದವರು 39. ನೋವನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಿಕೊಂಡರೂ ಚಿಕಿತ್ಸೆಯ ಬಲ ಕುಂದುವುದಿಲ್ಲ.

ತಪ್ಪು ಕಲ್ಪನೆ: ಬಹರೈನಿನಲ್ಲಿ ಇದಕ್ಕೆ ಹೋಗಲು ಜಾಗವಿಲ್ಲ.
ಸತ್ಯ: ಇಲ್ಲಿನ ಸರ್ಕಾರಿ ಮನೋವೈದ್ಯಕೀಯ ಆಸ್ಪತ್ರೆಯ ಚರಿತ್ರೆ 1932ರಿಂದ ಶುರುವಾಗುತ್ತದೆ. ಸಾಯುವ ಮಾತು ಬಂದರೆ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ, 999ಕ್ಕೆ ಕರೆ ಮಾಡಿ. ಊರಿಗೆ ಹೋದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, 14416 ಟೆಲಿ ಮಾನಸ್ ಸಹಾಯವಾಣಿಯಿದೆ.

ಕಾಲು ಮುರಿದವನಿಗೆ ‘ಗಟ್ಟಿಯಾಗಿ ನಡಿ’ ಎಂದು ನಾವು ಹೇಳುವುದಿಲ್ಲ, ಹೆಗಲು ಕೊಡುತ್ತೇವೆ. ರೂಮಿನ ಗೆಳೆಯನಿಗೂ ಅಷ್ಟೇ ಬೇಕು: ‘ಬಾ ಮಾರಾಯ, ಡಾಕ್ಟರ ಹತ್ತಿರ ನಾನೂ ಬರ್ತೇನೆ.’